ಯುದ್ಧ ಕೂತಿದ್ದ ಜಾಗಕ್ಕೆ ಯಾವ ಪದ?

ಲ್ಯಾಟಿನ್ ಗಾದೆಗಳಲ್ಲಿ ಜನರ ಕೈಗೆ ಸಿಕ್ಕಿ ಅತಿ ಹೆಚ್ಚು ತಿದ್ದಿಸಿಕೊಂಡದ್ದು ಯಾವುದೆಂದು ಯಾರಾದರೂ ಕೇಳಿದರೆ, ನಾನು ಹಿಂದೆಮುಂದೆ ನೋಡದೆ 'ಸೀ ವೀಸ್ ಪಾಕೆಂ, ಪರಾ ಬೆಲ್ಲುಂ' ಎಂದುಬಿಡುತ್ತೇನೆ. ಶಾಂತಿ ಬೇಕಿದ್ದರೆ ಯುದ್ಧಕ್ಕೆ ಸಜ್ಜಾಗು ಎಂಬುದು ಇದರ ಅರ್ಥ. ಸೇನೆಗೆ ಖರ್ಚು ಮಾಡಬೇಕೆನ್ನುವವರು ಇದನ್ನು ಇದ್ದ ಹಾಗೆಯೇ ಉದ್ಧರಿಸುತ್ತಾರೆ. ಮಾಡಬಾರದೆನ್ನುವವರು ಇದರ ಒಂದು ಪದವನ್ನು ಕಿತ್ತು ಇನ್ನೊಂದನ್ನು ಇಟ್ಟು ಉದ್ಧರಿಸುತ್ತಾರೆ. ಈ ಎರಡನೆಯ ಬಗೆಯವರ ಕೆಲಸ ಎಷ್ಟು ಸೂಕ್ಷ್ಮವಾದದ್ದು, ಎಲ್ಲಿ ಚೆನ್ನಾಗಿ ಕೂರುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಲ್ಯಾಟಿನ್ ಮಾತುಗಳನ್ನು ಇಲ್ಲಿ ಪ್ರಾಚೀನ ರೋಮಿನ ಉಚ್ಚಾರಣೆಯಂತೆ, ಹ್ರಸ್ವ ದೀರ್ಘಗಳನ್ನು ಉಳಿಸಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಚರ್ಚಿನ ಲ್ಯಾಟಿನ್ ಕೇಳಿ ಬೆಳೆದ ಮಂಗಳೂರಿನ ಕಡೆಯವರು 'ಪಾಕೆಂ' ಎಂಬುದನ್ನು 'ಪಾಚೆಂ' ಎಂದು ಓದಿಕೊಳ್ಳಬಹುದು; ತಕರಾರಿಲ್ಲ.

ಮೊದಲಿಗೆ ಹೇಳಬೇಕಾದ ಸಂಗತಿಯೆಂದರೆ, ನಾವು 'ಮೂಲ' ಎಂದು ಭಾವಿಸುವ ಈ ಗಾದೆಯೇ ಒಂದು ತಿದ್ದುಪಡಿ. ರೋಮನ್ ಸಾಮ್ರಾಜ್ಯದ ಇಳಿಗಾಲದಲ್ಲಿ ವೆಗೇಟಿಯಸ್ ಎಂಬ ಲೇಖಕ ಸೈನ್ಯಶಾಸ್ತ್ರದ ಬಗ್ಗೆ ಒಂದು ಕೈಪಿಡಿಯನ್ನು ಬರೆದ. ಅದರ ಮೂರನೆಯ ಭಾಗದ ಪೀಠಿಕೆಯಲ್ಲಿ 'ಇಗಿತುರ್ ಕ್ವೀ ದೇಸೀದೆರತ್ ಪಾಕೆಂ, ಪ್ರೈಪರೆತ್ ಬೆಲ್ಲುಂ' ಎಂಬ ಮಾತು ಬರುತ್ತದೆ. 'ಆದ್ದರಿಂದ ಶಾಂತಿಯನ್ನು ಬಯಸುವವನು ಯುದ್ಧವನ್ನು ಸಿದ್ಧಪಡಿಸಿಕೊಳ್ಳಲಿ' ಎಂದು ಅದರ ಅರ್ಥ. ಅದರ ಬೆನ್ನಿಗೇ, ಗೆಲುವು ಬೇಕೆನ್ನುವವನು ಸೈನಿಕರಿಗೆ ಶ್ರದ್ಧೆಯಿಂದ ತರಬೇತಿ ಕೊಡಲಿ, ಒಳ್ಳೆಯ ಫಲ ಬೇಕೆನ್ನುವವನು ಅದೃಷ್ಟವನ್ನು ನೆಚ್ಚದೆ ವಿದ್ಯೆಯಿಂದ ಹೋರಾಡಲಿ ಎಂಬ ಇನ್ನೆರಡು ಮಾತುಗಳಿವೆ. ಅಂದರೆ ಇದು ತರಬೇತಿಯ ಮಹತ್ವವನ್ನು ಹೇಳುವ ಒಂದು ವಾದಸರಣಿಯ ಮೊದಲ ಮೆಟ್ಟಿಲು. ಬಿಡಿಯಾಗಿ ನಿಲ್ಲಲೆಂದು ಬರೆದ ಸೂಕ್ತಿಯಲ್ಲ.

ಇದನ್ನು ಗಾದೆಯಾಗಿಸಿದವರು ಯಾರೇ ಇರಲಿ, ಅವರ ಕಿವಿ ಚುರುಕಾಗಿತ್ತು. 'ಆದ್ದರಿಂದ' ಎಂಬುದನ್ನು ಕೈಬಿಟ್ಟ ಮೇಲೂ ವೆಗೇಟಿಯಸ್‌ನ ವಾಕ್ಯದಲ್ಲಿ ಹನ್ನೆರಡು ಅಕ್ಷರಗಳು ಉಳಿಯುತ್ತವೆ. ಗಾದೆಯಲ್ಲಿರುವುದು ಎಂಟೇ. ಅವನು 'ಯಾವನು ಬಯಸುತ್ತಾನೋ ಅವನು ಮಾಡಲಿ' ಎಂದು ಪ್ರಥಮ ಪುರುಷದಲ್ಲಿ ದೂರ ನಿಂತು ಹೇಳಿದ್ದನ್ನು ಗಾದೆಯು 'ನಿನಗೆ ಬೇಕೇ? ಮಾಡು' ಎಂದು ಎದುರಿಗೇ ಹೇಳುತ್ತದೆ. 'ದೇಸೀದೆರತ್' ಎಂಬ ನಾಲ್ಕಕ್ಷರದ ಹಂಬಲ ಹೋಗಿ 'ವೀಸ್' ಎಂಬ ಒಂದಕ್ಷರದ ಬೇಡಿಕೆ ಬಂತು. 'ಪ್ರೈಪರೆತ್' ಮೈಯಿಳಿಸಿಕೊಂಡು 'ಪರಾ' ಆಯಿತು. ಪಾಕೆಂ, ಪರಾ ಎಂಬ ಪಕಾರದ ಜೋಡಿ ಮಧ್ಯಕ್ಕೆ ಬಂದು ಕೂತು, ಇಡೀ ವಾಕ್ಯಕ್ಕೆ ಒಂದು ಬಿಜಾಗರಿ ಸಿಕ್ಕಿತು. ಮುಂದೆ ಇದನ್ನು ತಿದ್ದಿದವರೆಲ್ಲರೂ ಈ ಬಿಜಾಗರಿಯನ್ನು ನಂಬಿಯೇ ತಿದ್ದಿದ್ದಾರೆ.

ತಿದ್ದುವವನಿಗೆ ಎದುರಾಗುವ ಮೊದಲ ತೊಡಕು ವಿಭಕ್ತಿಯದು, ಅದು ಕನ್ನಡದವರಿಗೆ ಹೊಸದೇನಲ್ಲ. ಶಾಂತಿ ಎಂಬುದಕ್ಕೆ ಲ್ಯಾಟಿನ್ನಿನ ನಿಘಂಟಿನಲ್ಲಿ ಸಿಗುವುದು 'ಪಾಕ್ಸ್'. ಗಾದೆಯಲ್ಲಿರುವ 'ಪಾಕೆಂ' ಅದರ ದ್ವಿತೀಯಾ ರೂಪ. 'ಬೆಲ್ಲುಂ' ನಪುಂಸಕಲಿಂಗದ ಪದ. ಸಂಸ್ಕೃತದಲ್ಲಿ 'ಫಲಂ' ಎಂಬುದಕ್ಕೆ ಪ್ರಥಮೆಯೂ ದ್ವಿತೀಯೆಯೂ ಒಂದೇ ಇರುವಂತೆ ಇದಕ್ಕೂ ಎರಡೂ ಒಂದೇ, ಹೀಗಾಗಿ ನಿಘಂಟಿನಿಂದ ನೇರವಾಗಿ ಎತ್ತಿ ಇಡಬಹುದು. ಈ ಸೌಲಭ್ಯವನ್ನು ನೋಡಿ ಎಲ್ಲ ಪದಗಳೂ ಹೀಗೆಯೇ ಎಂದು ನಂಬಿದವರು, 'ಪರಾ' ಎಂಬುದರ ಮುಂದೆ ನ್ಯಾಯಕ್ಕೆ 'ಯೂಸ್ತಿತಿಅ' ಎಂದು ಪ್ರಥಮೆಯಲ್ಲೇ ಬರೆದು ಫಲಕದ ಮೇಲೆ ಕೆತ್ತಿಸುತ್ತಾರೆ. ಸಂಸ್ಕೃತದಲ್ಲಿ 'ವಿದ್ಯಾಂ ದೇಹಿ' ಎನ್ನುವ ಬದಲು 'ವಿದ್ಯಾ ದೇಹಿ' ಎಂದರೆ ಹೇಗೋ ಹಾಗೆ.

ವಿಭಕ್ತಿ ಬದಲಾಗದೆ ತಿದ್ದುಪಡಿ ನಡೆದ ಒಂದು ಸೊಗಸಾದ ಪ್ರಸಂಗವೂ ಇದೆ. ನೆಪೋಲಿಯನ್‌ನ ಆಪ್ತ ಕಾರ್ಯದರ್ಶಿಯಾಗಿದ್ದ ಬೂರಿಯೆನ್ ತನ್ನ ನೆನಪುಗಳಲ್ಲಿ, ಬೋನಪಾರ್ಟ್‌ಗೆ ಲ್ಯಾಟಿನ್ ಚೆನ್ನಾಗಿ ಬಂದಿದ್ದರೆ ಗಾದೆಯನ್ನು ತಿರುಗಿಸಿ 'ಸೀ ವೀಸ್ ಬೆಲ್ಲುಂ, ಪರಾ ಪಾಕೆಂ' ಎನ್ನುತ್ತಿದ್ದನೇನೋ ಎಂದು ಚುಚ್ಚಿದ್ದಾನೆ. ಯುದ್ಧ ಬೇಕಿದ್ದರೆ ಶಾಂತಿಯ ಸಿದ್ಧತೆ ಮಾಡು! ಎರಡೂ ಪದಗಳು ದ್ವಿತೀಯೆಯಲ್ಲೇ ಇರುವುದರಿಂದ ಒಂದು ಪ್ರತ್ಯಯವನ್ನೂ ಮುಟ್ಟದೆ ಕುರ್ಚಿ ಬದಲಿಸಿ ಕೂರಿಸಲು ಬಂತು.

ಜರ್ಮನಿಯ ಡಿಡಬ್ಲ್ಯೂಎಂ ಎಂಬ ಶಸ್ತ್ರಾಸ್ತ್ರ ಕಂಪನಿ ಮಾಡಿದ್ದು ಇನ್ನೂ ಸರಳ. ಗಾದೆಯ ಮೊದಲರ್ಧವನ್ನು ಕತ್ತರಿಸಿ, ಉಳಿದರ್ಧವನ್ನು ಒಂದೇ ಪದ ಮಾಡಿ 'ಪ್ಯಾರಾಬೆಲ್ಲಂ' ಎಂದು ತನ್ನ ಪಿಸ್ತೂಲಿಗೂ ಗುಂಡಿಗೂ ಹೆಸರಿಟ್ಟಿತು. ನಮ್ಮ ಪೊಲೀಸರು ಬಳಸುವ 9 ಎಂಎಂ ಪಿಸ್ತೂಲುಗಳ ಗುಂಡು ಇದೇ ಪ್ಯಾರಾಬೆಲ್ಲಂ. ಶಾಂತಿಯ ಷರತ್ತು ಹೋಯಿತು, ಸಿದ್ಧತೆ ಉಳಿಯಿತು. ವ್ಯಾಪಾರಿಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸಂಕ್ಷೇಪ ಸಾಧ್ಯವಿರಲಿಲ್ಲ.

ನನಗೆ ಅತಿ ಹೆಚ್ಚು ಮೆಚ್ಚುಗೆಯಾದ ತಿದ್ದುಪಡಿ ಸಿಗ್ಮಂಡ್ ಫ್ರಾಯ್ಡ್‌ನದು. ಮೊದಲ ಮಹಾಯುದ್ಧ ಶುರುವಾದ ಮರುವರ್ಷ, 1915ರಲ್ಲಿ, ಯುದ್ಧ ಮತ್ತು ಸಾವಿನ ಬಗ್ಗೆ ಅವನು ಬರೆದ ಪ್ರಬಂಧ ಈ ಗಾದೆಯಿಂದಲೇ ಮುಗಿಯುತ್ತದೆ. ಅವನು ಮೊದಲು ಹಳೆಯ ಮಾತನ್ನು ಉದ್ಧರಿಸಿ, ಈಗಿನ ಕಾಲಕ್ಕೆ ಅದನ್ನು ಬದಲಿಸುವುದು ಒಳ್ಳೆಯದೆಂದು ಹೇಳಿ, 'ಸೀ ವೀಸ್ ವೀತಂ, ಪರಾ ಮೊರ್ತೆಂ' ಎಂದು ಬರೆಯುತ್ತಾನೆ: ಬದುಕು ಬೇಕಿದ್ದರೆ ಸಾವಿಗೆ ಸಿದ್ಧನಾಗು. ಎರಡೂ ನಾಮಪದಗಳು ಹೋಗಿ ಹೊಸವೆರಡು ಬಂದವು, ಆದರೆ ಎಂಟು ಅಕ್ಷರಗಳ ಲೆಕ್ಕ ತಪ್ಪಲಿಲ್ಲ. ಪಕಾರದ ಜೋಡಿ ಮುರಿಯಿತು. ಅದಕ್ಕೆ ಬದಲಾಗಿ ವೀಸ್, ವೀತಂ ಎಂಬ ವಕಾರದ ಜೋಡಿ ಮೊದಲರ್ಧದಲ್ಲಿ ಹುಟ್ಟಿತು. ಇನ್ನೊಂದು ಜಾಣತನವನ್ನು ಗಮನಿಸಬೇಕು. ಮೂಲದಲ್ಲಿ ಶಾಂತಿ ಮತ್ತು ಯುದ್ಧ ಹೇಗೆ ಒಂದಕ್ಕೊಂದು ಎದುರಾಳಿಗಳೋ, ಇಲ್ಲಿ ಬದುಕು ಮತ್ತು ಸಾವು ಹಾಗೆಯೇ ಎದುರಾಳಿಗಳು. ಗಾದೆಯ ಒಳಗಿನ ವಿರೋಧಾಭಾಸವನ್ನು ಹಾಗೆಯೇ ಇಟ್ಟುಕೊಂಡು ವಿಷಯವನ್ನು ಮಾತ್ರ ಬದಲಿಸಿದ್ದರಿಂದ, ಓದುಗನಿಗೆ ಹಳೆಯದು ಹೊಸದು ಎರಡೂ ಒಟ್ಟಿಗೆ ಕೇಳಿಸುತ್ತವೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯವರ ದಾರಿ ಬೇರೆ. 1919ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಭಾರತವೂ ಸ್ಥಾಪಕ ಸದಸ್ಯ. ಸಾಮಾಜಿಕ ನ್ಯಾಯದ ತಳಹದಿಯಿಲ್ಲದೆ ಲೋಕದಲ್ಲಿ ಬಾಳಿಕೆಯ ಶಾಂತಿ ಸಾಧ್ಯವಿಲ್ಲವೆಂಬುದು ಅದರ ಸಂವಿಧಾನದ ಪೀಠಿಕೆಯ ಮೊದಲ ಮಾತು. ಜಿನೀವಾದಲ್ಲಿ 1923ರಲ್ಲಿ ಕಟ್ಟಡಕ್ಕೆ ಅಡಿಗಲ್ಲು ಹಾಕಿದಾಗ ಅದರ ಕೆಳಗೆ ಇರಿಸಿದ ದಾಖಲೆಯಲ್ಲಿ 'ಸೀ ವೀಸ್ ಪಾಕೆಂ, ಕೊಲೆ ಯೂಸ್ತಿತಿಅಂ', ಅಂದರೆ ಶಾಂತಿ ಬೇಕಿದ್ದರೆ ನ್ಯಾಯವನ್ನು ಆರೈಕೆ ಮಾಡು, ಎಂದು ಬರೆದಿತ್ತು. ಇವರು ಯುದ್ಧವನ್ನಷ್ಟೇ ತೆಗೆಯಲಿಲ್ಲ. 'ಸಿದ್ಧಪಡಿಸು' ಎಂಬ ಕ್ರಿಯಾಪದವನ್ನೂ ತೆಗೆದರು. ಯುದ್ಧಕ್ಕೆ ಬೇಕಾದದ್ದನ್ನು ಉಗ್ರಾಣದಲ್ಲಿ ಕೂಡಿಟ್ಟುಕೊಳ್ಳಬಹುದು. ನ್ಯಾಯವನ್ನು ಹಾಗೆ ಕೂಡಿಡಲು ಬರುವುದಿಲ್ಲ. ಅವರು ಆರಿಸಿಕೊಂಡದ್ದು ಹೊಲ ಊಳುವುದಕ್ಕೂ, ದೇವರನ್ನು ಆರಾಧಿಸುವುದಕ್ಕೂ ರೋಮನ್ನರು ಬಳಸುತ್ತಿದ್ದ ಧಾತು. ರೈತನಿಗೆ ಲ್ಯಾಟಿನ್ನಿನಲ್ಲಿ 'ಅಗ್ರಿಕೊಲ' ಎಂಬ ಹೆಸರು ಬಂದದ್ದು ಅದರಿಂದಲೇ. ದಿನವೂ ಮಾಡಬೇಕಾದ ಆರೈಕೆ ಎಂಬ ಧ್ವನಿ ಇಲ್ಲಿ ಬರುತ್ತದೆ, ಅದು ಸರಿಯಾದ ಆಯ್ಕೆಯೇ.

ದುರದೃಷ್ಟವೆಂದರೆ ಆ ಧಾತುವಿನ ಆಜ್ಞಾರ್ಥಕ ರೂಪವನ್ನು ಕನ್ನಡ ಲಿಪಿಯಲ್ಲಿ ಬರೆದರೆ ನ್ಯಾಯದ ಪಕ್ಕದಲ್ಲಿ 'ಕೊಲೆ' ಬಂದು ನಿಲ್ಲುತ್ತದೆ. ಹಿಂದೊಮ್ಮೆ ಕಾರ್ಮಿಕ ಸಂಘದವರೊಬ್ಬರಿಗೆ ಇದನ್ನು ಬರೆದುಕೊಟ್ಟಾಗ ಅವರು ಚೀಟಿಯನ್ನು ಎರಡು ಸಲ ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಅದು ಹಾಗಿರಲಿ. ನನ್ನ ಆಕ್ಷೇಪ ಲಯದ ಬಗ್ಗೆ. ಉತ್ತರಾರ್ಧದಲ್ಲಿ ನಾಲ್ಕಿದ್ದ ಅಕ್ಷರಗಳು ಆರಾದವು, ಪಕಾರವೂ ಹೋಯಿತು, ಎದುರಾಳಿಯೂ ಹೋದ. ಉಳಿದದ್ದು ನಿಜವಾದ ಮಾತೇ, ಆದರೆ ಗಾದೆಗಿಂತ ಸಭೆಯ ನಿರ್ಣಯದ ಹಾಗೆ ಕೇಳಿಸುತ್ತದೆ.

ಒಂದೇ ಪದವನ್ನು ಬದಲಿಸಿ, ಉಳಿದದ್ದನ್ನು ಅಲುಗಿಸದೆ ಬಿಟ್ಟ ಅಚ್ಚುಕಟ್ಟಿನ ಉದಾಹರಣೆ ಬೇಕಿದ್ದರೆ ಜಪಾನಿನ ಬೂಟಿನ ಕಂಪನಿಯ ಕಡೆ ನೋಡಬೇಕು. ಕಿಹಾಚಿರೊ ಒನಿತ್ಸುಕಾ 1949ರಲ್ಲಿ ಕೋಬೆಯಲ್ಲಿ ಸ್ಥಾಪಿಸಿದ ಕಂಪನಿ 1977ರಲ್ಲಿ ಇನ್ನೆರಡು ಕಂಪನಿಗಳ ಜೊತೆ ಸೇರಿ 'ಅಸಿಕ್ಸ್' ಆಯಿತು. ಅದು ಯುವೆನಾಲ್ ಎಂಬ ರೋಮನ್ ಕವಿಯ 'ಮೆನ್ಸ್ ಸಾನ ಇನ್ ಕೊರ್ಪೊರೆ ಸಾನೋ', ಅಂದರೆ ಸ್ವಸ್ಥ ದೇಹದಲ್ಲಿ ಸ್ವಸ್ಥ ಮನಸ್ಸು, ಎಂಬ ಮಾತಿನ ತಿದ್ದುಪಡಿ. 'ಮೆನ್ಸ್' ಇದ್ದಲ್ಲಿ 'ಅನಿಮ' ಎಂದು ಹಾಕಿ, ಐದು ಪದಗಳ ಮೊದಲಕ್ಷರಗಳನ್ನು ಜೋಡಿಸಿದರೆ ಕಂಪನಿಯ ಹೆಸರು ಬರುತ್ತದೆ. 'ಮೆನ್ಸ್' ಹಾಗೆಯೇ ಉಳಿದಿದ್ದರೆ ಹೆಸರು ಎಂ ಅಕ್ಷರದಿಂದ ಶುರುವಾಗಿ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. 'ಅನಿಮುಸ್' ಎಂದರೂ ಮನಸ್ಸೇ, ಅದರ ಮೊದಲಕ್ಷರವೂ ಎ. ಅದನ್ನೇ ಹಾಕಬಹುದಿತ್ತಲ್ಲವೇ ಎಂದು ಕೇಳಬಹುದು. ಹಾಕಿದ್ದರೂ ಹೆಸರು ಅಸಿಕ್ಸ್ ಎಂದೇ ಬರುತ್ತಿತ್ತು. ಆದರೆ 'ಅನಿಮುಸ್' ಪುಲ್ಲಿಂಗ. ವಿಶೇಷಣವೂ ಲಿಂಗವನ್ನು ಅನುಸರಿಸಿ 'ಸಾನುಸ್' ಆಗಬೇಕಾಗುತ್ತಿತ್ತು. ಆಗ ಜನರ ಕಿವಿಯಲ್ಲಿ ನಿಂತಿರುವ 'ಸಾನ, ಸಾನೋ' ಎಂಬ ಮರುದನಿ ಕೆಡುತ್ತಿತ್ತು. 'ಮೆನ್ಸ್' ಸ್ತ್ರೀಲಿಂಗ, 'ಅನಿಮ' ಎಂಬುದೂ ಸ್ತ್ರೀಲಿಂಗ. ಉಸಿರು, ಪ್ರಾಣ ಎಂಬ ಅರ್ಥವಿರುವ ಈ ಪದ ಓಡುವವರ ಬೂಟಿಗೆ ಮನಸ್ಸಿಗಿಂತಲೂ ಚೆನ್ನಾಗಿ ಒಪ್ಪುತ್ತದೆ ಎಂಬುದು ಮೇಲಿನ ಲಾಭ. ಅಂದಹಾಗೆ ಯುವೆನಾಲ್ ವ್ಯಾಯಾಮದ ಪ್ರಚಾರಕನಲ್ಲ. ಮನುಷ್ಯರು ದೇವರಲ್ಲಿ ಬೇಡಿಕೊಳ್ಳುವ ಐಶ್ವರ್ಯ, ಅಧಿಕಾರ, ದೀರ್ಘಾಯುಸ್ಸುಗಳನ್ನೆಲ್ಲ ಲೇವಡಿ ಮಾಡಿದ ಮೇಲೆ, ಬೇಡಲೇಬೇಕೆಂದಿದ್ದರೆ ಇಷ್ಟನ್ನು ಬೇಡಿಕೊಳ್ಳಿ ಎಂದು ಅವನು ಹೇಳಿದ ಮಾತು ಅದು.

ಒಲಿಂಪಿಕ್ಸ್‌ನ ಧ್ಯೇಯವಾಕ್ಯಕ್ಕೆ ಈ ಅದೃಷ್ಟ ಬರಲಿಲ್ಲ. 'ಕಿತಿಉಸ್, ಅಲ್ತಿಉಸ್, ಫೊರ್ತಿಉಸ್' ಎಂಬ ಮೂರೂ 'ಇನ್ನೂ ವೇಗವಾಗಿ, ಇನ್ನೂ ಎತ್ತರಕ್ಕೆ, ಇನ್ನೂ ಬಲವಾಗಿ' ಎಂಬ ಹೋಲಿಕೆಯ ರೂಪಗಳು. 2021ರಲ್ಲಿ ಟೋಕಿಯೊದಲ್ಲಿ ಇದಕ್ಕೆ 'ಕೊಮ್ಮೂನಿತೆರ್', ಅಂದರೆ 'ಒಟ್ಟಾಗಿ', ಎಂಬುದನ್ನು ಸೇರಿಸಿದರು. ಅದು ಹೋಲಿಕೆಯ ರೂಪವಲ್ಲ. 'ಇನ್ನೂ ಒಟ್ಟಾಗಿ' ಎನ್ನುವುದರಲ್ಲಿ ಅರ್ಥವೂ ಇಲ್ಲ. ಅದಕ್ಕೇ ನಡುವೆ ಒಂದು ಅಡ್ಡಗೆರೆ ಎಳೆದು, ನಾಲ್ಕನೆಯದನ್ನು ಸ್ವಲ್ಪ ಆಚೆ ಕೂರಿಸಿದ್ದಾರೆ.

ಈ ಎಲ್ಲ ವಿಚಾರ ಈಗ ತಲೆಗೆ ಬರಲು ಕಾರಣ ನನ್ನ ಹಳೆಯ ಮಿತ್ರರಾದ ಒಬ್ಬ ವಕೀಲರು. ನ್ಯಾಯಾಲಯವು ರಾಜಿಗೆಂದು ಕಳಿಸುವ ಕೌಟುಂಬಿಕ ವ್ಯಾಜ್ಯಗಳಲ್ಲಿ ಅವರು ಮೀಡಿಯೇಟರ್ ಆಗಿ ಕೂರುತ್ತಾರೆ. ತಮ್ಮ ಕಚೇರಿಯ ಗೋಡೆಗೆ ಒಂದು ಹಿತ್ತಾಳೆಯ ಫಲಕ ಬೇಕು, ಅದರ ಮೇಲೆ ಈ ಗಾದೆಯನ್ನೇ ತಿದ್ದಿ ಹಾಕಬೇಕು ಎಂಬುದು ಅವರ ಆಸೆ. ಹೇಬಿಯಸ್ ಕಾರ್ಪಸ್ ಎಂದು ದಿನವೂ ಹೇಳುವವರಿಗೆ ಲ್ಯಾಟಿನ್ ಮೇಲೆ ಪ್ರೀತಿ ಇರುವುದು ಸಹಜವೇ. ನಾನು ಸಂಸ್ಕೃತ ಪಾಠ ಮಾಡಿಕೊಂಡಿದ್ದವನು, ಲ್ಯಾಟಿನ್ ನನಗೆ ಹವ್ಯಾಸ. ಅವರಿಗೆ ಅಷ್ಟು ಸಾಕು. "ಮೇಷ್ಟ್ರೇ, ಯುದ್ಧ ಅನ್ನೋದನ್ನ ತೆಗೆದು ರಾಜಿ ಅಂತ ಹಾಕಿಕೊಡಿ, ಮುಗೀತು" ಎಂದರು.

ರಾಜಿಗೆ ಲ್ಯಾಟಿನ್ನಿನಲ್ಲಿ 'ಪಕ್ತುಂ' ಇದೆ, 'ಸೀ ವೀಸ್ ಪಾಕೆಂ, ಪರಾ ಪಕ್ತುಂ' ಎಂಬ ತಿದ್ದುಪಡಿ ಶಾಂತಿವಾದಿಗಳ ನಡುವೆ ಮೊದಲೇ ಬಳಕೆಯಲ್ಲಿದೆ. ಧ್ವನಿಯ ದೃಷ್ಟಿಯಿಂದ ಇದನ್ನು ಮೀರಿಸುವುದು ಕಷ್ಟ. ಬೆಲ್ಲುಮಿನಂತೆಯೇ ನಪುಂಸಕಲಿಂಗ, ಎರಡೇ ಅಕ್ಷರ, ಪಕಾರ ಎರಡಿದ್ದದ್ದು ಮೂರಾಗುತ್ತದೆ. ಅಷ್ಟೇ ಅಲ್ಲದೆ 'ಪಾಕ್ಸ್' ಮತ್ತು 'ಪಕ್ತುಂ' ಎರಡೂ ಬಿಗಿಯುವ, ಕಟ್ಟುವ ಅರ್ಥದ ಒಂದೇ ಧಾತುವಿನಿಂದ ಬಂದವು. ಸಂಸ್ಕೃತದ 'ಪಾಶ'ವೂ ಆ ಬಳಗದ್ದೇ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಆದರೂ ರಾಜಿ ಮಾಡಿಸುವ ಕೋಣೆಯಲ್ಲಿ ಇದು ಬೇಡವೆಂದು ನನಗೆ ಅನ್ನಿಸಿತು. ಕರಾರು ಎಂಬುದು ಮಾತುಕತೆಯ ಕೊನೆಗೆ ಬರಬೇಕಾದದ್ದು. 'ಕರಾರನ್ನು ಸಿದ್ಧಪಡಿಸು' ಎಂದು ಗೋಡೆಯ ಮೇಲೆ ಬರೆದಿದ್ದರೆ, ಒಳಗೆ ಬಂದ ಗಂಡಹೆಂಡತಿಗೆ ರಾಜಿಪತ್ರ ಆಗಲೇ ಟೈಪ್ ಆಗಿ ಮೇಜಿನ ಡ್ರಾಯರಿನಲ್ಲಿದೆ, ಸಹಿ ಹಾಕುವುದೊಂದೇ ಬಾಕಿ ಎಂಬ ಭಾವನೆ ಬಂದೀತು. ವಕೀಲರು ಇದನ್ನು ಒಪ್ಪಿದರು.

ಅವರೇ ಸೂಚಿಸಿದ್ದು ತಾಳ್ಮೆ. 'ಪತಿಎಂತಿಅಂ' ಎಂಬುದು ಪಕಾರದಿಂದ ಶುರುವಾಗುತ್ತದೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಯೋಗ್ಯತೆ ಇರಲಿಲ್ಲ. ಆ ಪದದ ಒಡಲಲ್ಲಿರುವುದು ನೋವು ತಿನ್ನುವ, ಸಹಿಸುವ ಧಾತು. ಹೊಂದಿಕೊಂಡು ಹೋಗಮ್ಮ, ತಾಳಿದವಳು ಬಾಳುತ್ತಾಳೆ ಎಂಬ ಮಾತನ್ನು ತವರಿನಲ್ಲೂ ಅತ್ತೆಯ ಮನೆಯಲ್ಲೂ ಕೇಳಿ ಕೇಳಿ ಕೊನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಹೆಣ್ಣುಮಗಳಿಗೆ, ಅದೇ ಉಪದೇಶವನ್ನು ಹಿತ್ತಾಳೆಯ ಮೇಲೆ ಕೆತ್ತಿಸಿ ತೋರಿಸುವುದು ಕ್ರೌರ್ಯವಾಗುತ್ತದೆ. ಕ್ಷಮೆ ಎಂಬ ಅರ್ಥದ 'ವೆನಿಅಂ' ಎಂಬುದನ್ನೂ ನೋಡಿದೆವು. ಅದರಲ್ಲಿ ಯಾರೋ ಒಬ್ಬರು ತಪ್ಪಿತಸ್ಥರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಜೊತೆಗೆ 'ನಾನು ಬರುತ್ತೇನೆ' ಎಂಬುದಕ್ಕೂ ಲ್ಯಾಟಿನ್ನಿನಲ್ಲಿ ಅದೇ ರೂಪ. 'ಶಾಂತಿ ಬೇಕಿದ್ದರೆ ರೆಡಿಯಾಗಿರು, ಬರ್ತೀನಿ' ಎಂದು ಯಾರಾದರೂ ಓದಿಕೊಂಡರೆ ಅದು ಧಮಕಿಯೇ ಆಗಿಬಿಡುತ್ತದೆ.

'ಔದೀ ಅಲ್ತೆರಂ ಪರ್ತೆಂ', ಅಂದರೆ ಇನ್ನೊಂದು ಪಕ್ಷವನ್ನೂ ಕೇಳು, ಎಂಬ ಸೂತ್ರವನ್ನು ಬಾಲಕ್ಕೆ ಅಂಟಿಸೋಣವೇ ಎಂದು ವಕೀಲರು ಕೇಳಿದರು. ಸಹಜ ನ್ಯಾಯದ ಆ ಸೂತ್ರ ನಮ್ಮ ನ್ಯಾಯಾಲಯಗಳಲ್ಲಿ ದಿನಬೆಳಗಾದರೆ ಕೇಳಿಬರುವಂಥದ್ದು. 1978ರ ಮೇನಕಾ ಗಾಂಧಿ ಪಾಸ್‌ಪೋರ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಕೊಟ್ಟ ಮಹತ್ವ ಎಲ್ಲ ವಕೀಲರಿಗೂ ಗೊತ್ತು. ಆದರೆ ಅದು ತೀರ್ಪು ಕೊಡುವವನಿಗೆ ಹೇಳಿದ ಮಾತು. ರಾಜಿಯ ಕೋಣೆಯಲ್ಲಿ ತೀರ್ಪುಗಾರನೇ ಇರುವುದಿಲ್ಲ, ಅಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳಬೇಕಾದವರು ಕಕ್ಷಿದಾರರೇ. ಬಾಲವೂ ಉದ್ದವಾಯಿತು.

ಅದರಿಂದ ಒಂದು ಉಪಕಾರವಾಯಿತು. ಬೇಕಾಗಿರುವುದು ಕೇಳುವಿಕೆ ಎಂಬುದು ಸ್ಪಷ್ಟವಾಯಿತು. ಕಿವಿಗೆ ಲ್ಯಾಟಿನ್ನಿನಲ್ಲಿ 'ಔರಿಸ್', ದ್ವಿತೀಯೆಯಲ್ಲಿ 'ಔರೆಂ'. 'ಪರಾ ಔರೆಂ' ಎಂದರೆ ವ್ಯಾಕರಣಕ್ಕೆ ಸರಿ, ಆದರೆ ಕಿವಿಯನ್ನು 'ಸಿದ್ಧಪಡಿಸು' ಎಂದು ರೋಮನ್ನರು ಹೇಳುತ್ತಿರಲಿಲ್ಲ. ಅವರು ಕಿವಿಯನ್ನು 'ನೀಡುತ್ತಿದ್ದರು'. ರೋಮನ್ ಕವಿ ಹೊರೇಸ್ ತನ್ನ ಮೊದಲ ವಿಡಂಬನೆಯಲ್ಲೇ, ಮನುಷ್ಯರ ಬೇಡಿಕೆಗಳಿಗೆ ಇನ್ನು ಕಿವಿಗೊಡೆನೆಂದು ಗುಡುಗುವ ಜೂಪಿಟರ್ ದೇವನನ್ನು ಚಿತ್ರಿಸುವಾಗ 'ಪ್ರೈಬೆಅತ್ ಔರೆಂ' ಎಂಬ ನುಡಿಗಟ್ಟನ್ನು ಬಳಸಿದ್ದಾನೆ. ಅದರ ಆಜ್ಞಾರ್ಥಕ 'ಪ್ರೈಬೇ'. ಹೀಗೆ 'ಸೀ ವೀಸ್ ಪಾಕೆಂ, ಪ್ರೈಬೇ ಔರೆಂ' ಸಿದ್ಧವಾಯಿತು. ಎಂಟು ಅಕ್ಷರಗಳು ಎಂಟೇ ಉಳಿದವು, ಪಕಾರದ ಜೋಡಿ ಉಳಿಯಿತು, ಪಾಕೆಂ ಔರೆಂ ಎಂಬ ಅಂತ್ಯಪ್ರಾಸ ಹೊಸದಾಗಿ ಸಿಕ್ಕಿತು. 'ಪ್ರೈಬೇ' ಎನ್ನುವಾಗ ವೆಗೇಟಿಯಸ್‌ನ 'ಪ್ರೈಪರೆತ್' ಕೂಡ ಅಲ್ಪಸ್ವಲ್ಪ ನೆನಪಾಗುತ್ತದೆ. ಪದ್ಯದಲ್ಲಾದರೆ ಎರಡು ಸ್ವರಗಳು ಎದುರಾದಾಗ ಮೊದಲನೆಯದು ನಮ್ಮ ಲೋಪಸಂಧಿಯಂತೆ ಬಿದ್ದುಹೋಗಿ ಒಂದಕ್ಷರ ಕಡಿಮೆಯಾಗುತ್ತದೆ, ನಿಜ. ಇದು ಗೋಡೆಯ ಫಲಕ, ಛಂದಸ್ಸಿನ ಪರೀಕ್ಷೆಯಲ್ಲ.

"ಒಂದೇ ಕಿವಿ ಸಾಕಾ ಮೇಷ್ಟ್ರೇ? ಎರಡು ಪಾರ್ಟಿ ಇರ್ತಾರಲ್ಲ" ಎಂದರು ವಕೀಲರು. ಬಹುವಚನದಲ್ಲಿ 'ಔರೇಸ್' ಎಂದೂ ಹಾಕಬಹುದಿತ್ತು, ಆದರೆ ಪ್ರಾಸ ಹೋಗುತ್ತಿತ್ತು. ಕನ್ನಡದಲ್ಲೂ ನಾವು ಕಿವಿಗೊಟ್ಟು ಕೇಳು ಎನ್ನುತ್ತೇವೆಯೇ ಹೊರತು ಕಿವಿಗಳನ್ನು ಕೊಟ್ಟು ಕೇಳು ಎನ್ನುವುದಿಲ್ಲ ಎಂದಾಗ ಅವರು ಸುಮ್ಮನಾದರು.

ಉಳಿದದ್ದು ಕೆತ್ತುವವನ ವಿಷಯ. ಹಳೆಯ ಶಾಸನಗಳ ರೀತಿಯಲ್ಲಿ ದೊಡ್ಡಕ್ಷರದಲ್ಲಿ ಕೆತ್ತಿಸಬೇಕೆಂದು ವಕೀಲರ ಹಟ. ಆ ಕ್ರಮದಲ್ಲಿ ಯು ಅಕ್ಷರಕ್ಕೆ ಪ್ರತ್ಯೇಕ ರೂಪವಿಲ್ಲ, ವಿ ಅಕ್ಷರವನ್ನೇ ಬರೆಯಬೇಕು. ಹಾಗೆ ಬರೆದಾಗ ಕೊನೆಯ ಪದದಲ್ಲಿ ಇ ಅಕ್ಷರದ ಜಾಗದಲ್ಲಿ ಕಣ್ತಪ್ಪಿನಿಂದ ಇನ್ನೊಂದು ವಿ ಬಿದ್ದರೆ 'ಔರೆಂ' ಹೋಗಿ 'ಔರುಂ' ಆಗುತ್ತದೆ, ಅಂದರೆ ಚಿನ್ನ. 'ಶಾಂತಿ ಬೇಕಿದ್ದರೆ ಚಿನ್ನ ಕೊಡು.' ವ್ಯಾಕರಣದಲ್ಲಿ ಒಂದು ಕೊರತೆಯೂ ಇಲ್ಲದ ವಾಕ್ಯ. ಆದ್ದರಿಂದ ಕೆತ್ತುವ ಮೊದಲು ಪ್ರೂಫ್ ತರಿಸಿ ನನಗೆ ತೋರಿಸಬೇಕೆಂದು ಫೋನಿನಲ್ಲಿ ಒತ್ತಿ ಹೇಳಿದೆ. ವಕೀಲರು ಸ್ವಲ್ಪ ಯೋಚಿಸಿ, "ಎರಡು ಫಲಕ ಮಾಡಿಸಿಬಿಡೋಣ ಮೇಷ್ಟ್ರೇ, ಜೀವನಾಂಶದ ಕೇಸು ಬಂದ ದಿನ ಎರಡನೇದನ್ನ ತಗಲಿಹಾಕ್ತೀನಿ" ಎಂದರು.